ಗೋಡೆಯೇ, ಶೇ 75 ಬೀಳು

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮಣ್ಣಿನ ಗೋಡೆಗಳಿಗೆ ಒಂದು ಕೆಟ್ಟ ಚಾಳಿ. ಮಳೆ ಹುಯ್ಯುವಾಗಲೇ ಬೀಳಬೇಕೆಂದಿಲ್ಲ. ಮೂರು ದಿನ ಜಡಿಯಲ್ಲಿ ನೀರು ಕುಡಿದು, ನಾಲ್ಕನೇ ದಿನ ಬಿಸಿಲಿಗೆ ಹೊರಮೈ ಒಣಗಿ ಒಳಗೆ ಹಸಿ ಉಳಿದಾಗ ಬಿರುಕು ಬಿಟ್ಟು ಕೂರುತ್ತವೆ. “ಇವತ್ತು ಮಳೆಯೇ ಇರಲಿಲ್ವಲ್ಲ?” ಎಂದು ಪಂಚನಾಮೆಯವರು ಕೇಳುತ್ತಾರೆ. ಗೋಡೆಗೆ ಉತ್ತರ ಗೊತ್ತು, ಹೇಳುವ ಸ್ಥಿತಿಯಲ್ಲಿಲ್ಲ.

ಬೀಳುವುದಕ್ಕೂ ಲೆಕ್ಕವಿದೆ. 2019ರ ನೆರೆಗೆ ಸರ್ಕಾರ ಪರಿಹಾರ ಕೊಡಲು ಮಾಡಿದ ವರ್ಗೀಕರಣದಲ್ಲಿ ಮನೆ ಶೇ 75ಕ್ಕಿಂತ ಹೆಚ್ಚು ಬಿದ್ದರೆ ‘ಎ’, 5 ಲಕ್ಷ. 25ರಿಂದ 75 ‘ಬಿ’. 15ರಿಂದ 25 ‘ಸಿ’, 50 ಸಾವಿರ. 14 ಬಿದ್ದರೆ ಅದು ನಿಮ್ಮ ಸೋಮಾರಿತನ. ಅಡುಗೆಮನೆ, ಹಿತ್ತಲ ಗೋಡೆ ಕುಸಿದು, ಚಪ್ಪಡಿ ಜಾರಿ, ಮುಂಬಾಗಿಲು ಮಾತ್ರ ಚೌಕಟ್ಟು ಸಮೇತ ನೆಟ್ಟಗೆ ನಿಂತಿದ್ದರೆ ‘ಬಿ’ ಖಾತ್ರಿ. ಬಾಗಿಲು ತೆಗೆದರೆ ಎದುರಿಗೆ ಆಕಾಶ ಕಂಡರೇನಂತೆ, ಚಿಲಕ ಗಟ್ಟಿಯಿದೆಯಲ್ಲ. ಕೊಟ್ಟಿಗೆ ಬಿದ್ದರೆ ಕೇಂದ್ರದ 2022ರ ದರ 3,000. ಹಸುವಿಗೆ ಇದನ್ನು ಹೇಳದಿರುವುದೇ ಒಳ್ಳೆಯದು.

ಮನೆಯ ಖಾತೆ ಇನ್ನೂ ತಾತನ ಹೆಸರಲ್ಲಿದ್ದರೆ ಮೊದಲು ವಾರಸುದಾರರ ಹೆಸರಿಗೆ ಪೌತಿ ಖಾತೆ, ಆಮೇಲೆ ಪಂಚಾಯ್ತಿಯಿಂದ ಇ-ಸ್ವತ್ತಿನ ನಮೂನೆ 9, 11, ಆಮೇಲೆ ಬ್ಯಾಂಕಿಗೆ ಆಧಾರ್ ಜೋಡಣೆ.

ಇಷ್ಟಾದರೂ ಹಣ ಗಂಟಲ್ಲ, ಕಂತು. ತಳಪಾಯ, ಲಿಂಟಲ್, ಛಾವಣಿ, ಪ್ರತಿ ಹಂತಕ್ಕೂ ಜಿಪಿಎಸ್ ಫೋಟೊ. ಫಲಾನುಭವಿ ಪಕ್ಕದಲ್ಲೇ ನಿಂತಿರಬೇಕು. ಫೋಟೊ ಸರ್ಕಾರದ ಆ್ಯಪ್‌ಗೆ ಏರಿದ ಮೇಲೆ ಮುಂದಿನ ಕಂತು. ಲಿಂಟಲ್ ದುಡ್ಡು ಬರಬೇಕಾದರೆ ಲಿಂಟಲ್ ಮೊದಲೇ ಬಂದಿರಬೇಕು! ಸೈಜುಗಲ್ಲಿನ ಟ್ರ್ಯಾಕ್ಟರ್‌ನವನು ಇಳಿಸಿದ ತಕ್ಷಣ ಕೈ ಚಾಚುತ್ತಾನೆ, ಮೇಸ್ತ್ರಿಗೆ ವಾರದ ಬಟವಾಡೆ ಆಗಬೇಕು. ಜಿಪಿಎಸ್ ತೋರಿಸಿದರೆ ಅವನು ಗಾರೆ ಕಲಸುವುದಿಲ್ಲ. ಬ್ಯಾಂಕಿನಲ್ಲಿ ಅಡಮಾನಕ್ಕೆ ಮನೆ ಕೇಳುತ್ತಾರೆ. ಉಳಿದದ್ದು ಸಂಘದ ಸಾಲ. ಸರ್ಕಾರದ್ದು ಬರುವ ಕಂತು, ಸಂಘದ್ದು ಹೋಗುವ ಕಂತು. ಹೋಗುವುದಕ್ಕೆ ವಾರ ಗೊತ್ತುಂಟು, ಬರುವುದಕ್ಕೆ ಅನುದಾನ ಬಿಡುಗಡೆಯಾಗಬೇಕು.

ಕೊನೆಗೊಂದು ಎಚ್ಚರಿಕೆ. ಹಳೆ ಜಾಗ ನೀರು ನಿಲ್ಲುವ ತಗ್ಗು ಎಂದು ಬುದ್ಧಿ ಖರ್ಚು ಮಾಡಿ ಹತ್ತು ಮಾರು ಆಚೆ ಕಟ್ಟಿದಿರೋ, ಆ್ಯಪ್ ಒಪ್ಪದೆ ಕೂರುತ್ತದೆ. ಬಿದ್ದಲ್ಲೇ ಕಟ್ಟಿ. ಮುಂದಿನ ಮಳೆಗೂ ವಿಳಾಸ ಹುಡುಕುವ ತಾಪತ್ರಯ ಬೇಡ.