ಸ್ಪಷ್ಟನೆ: ಆಟದ ಗ್ಲೌಸ್ ಕಸ್ಟಮ್ಸ್ ಸಂಕೇತ 9506ಕ್ಕೆ ಸೇರುವುದಿಲ್ಲ

"ಕ್ರಿಕೆಟ್ ಪ್ಯಾಡ್‌ನಂತೆ ಗ್ಲೌಸ್ ಕೂಡ ಕ್ರೀಡಾ ಸಾಮಗ್ರಿಯೇ, 9506 ಎಂದು ಘೋಷಿಸಿದರಾಯಿತು" ಎಂಬ ಮಾತು ಆಮದುದಾರರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. 9506 ಎಂದರೆ ಆಮದು ಸರಕಿನ ಸುಂಕ ನಿರ್ಧರಿಸುವ ಕಸ್ಟಮ್ಸ್ ಸುಂಕಪಟ್ಟಿಯಲ್ಲಿ ಕ್ರೀಡಾ ಸಾಮಗ್ರಿಗಳಿಗಿರುವ ಸಂಕೇತ ಸಂಖ್ಯೆ. ಪ್ಯಾಡ್ ಮಟ್ಟಿಗೆ ಸರಿ, ಗ್ಲೌಸ್ ಮಟ್ಟಿಗೆ ತಪ್ಪು. ಈ ಪಟ್ಟಿಯ 95ನೇ ಅಧ್ಯಾಯದ ಮೊದಲ ಟಿಪ್ಪಣಿಯೇ ಗ್ಲೌಸನ್ನು ಹೊರಗಿಟ್ಟು, ತಯಾರಿಸಿದ ವಸ್ತುವಿನ ಪ್ರಕಾರ ವರ್ಗೀಕರಿಸಿ ಎನ್ನುತ್ತದೆ. (ಟಿಪ್ಪಣಿ ಓದುವ ತಾಳ್ಮೆ ಯಾರಿಗಿದೆ ಹೇಳಿ!) ಹಾಗಾಗಿ ಕ್ರೀಡೆಗೆಂದೇ ರೂಪಿಸಿದ ಚರ್ಮದ ಗ್ಲೌಸ್ 4203 21 ಎಂಬ ಸಂಕೇತಕ್ಕೆ, ಹೆಣೆದ ಬಟ್ಟೆಯದು 6116ಕ್ಕೆ, ನೇಯ್ದ ಬಟ್ಟೆಯದು 6216ಕ್ಕೆ ಹೋಗುತ್ತದೆ.

ನಿಜವಾದ ತಕರಾರು ಇರುವುದು ಹಲವು ವಸ್ತು ಬೆರೆತ ಗ್ಲೌಸಿನಲ್ಲಿ. ಐಸ್ ಹಾಕಿ ಗೋಲ್‌ಕೀಪರ್ ಗ್ಲೌಸ್ ಬಟ್ಟೆಯದೋ ಪ್ಲಾಸ್ಟಿಕ್ಕಿನದೋ ಎಂಬ ವ್ಯಾಜ್ಯ ಕೆನಡಾದ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಪ್ಲಾಸ್ಟಿಕ್ ಎಂದ ಆಮದುದಾರರು 2016ರಲ್ಲಿ ಸೋತರು. ಅಲ್ಲಿಯೂ 9506 ಎಂಬ ವಾದಕ್ಕೆ ಜಾಗವಿರಲಿಲ್ಲ.