ಎಲಿನೋರ್ ಕೋಡ್ ಮತ್ತು ಎರಡು ಸಲ ಬೆಂದ ಕಲ್ಲು

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ತುದಿಯಲ್ಲಿ ದೊಡ್ಡದೊಂದು ಸಿಂಹ ನಿಂತಿದೆ. ನೋಡಿದವರು ಕಲ್ಲಿನಲ್ಲಿ ಕಡೆದದ್ದು ಅಂದುಕೊಳ್ಳುತ್ತಾರೆ. ಅದು ಸುಟ್ಟ ಮಣ್ಣು! 1837ರಲ್ಲಿ ಬಿಯರ್ ಕಾರ್ಖಾನೆಯೊಂದರ ನೆತ್ತಿಗೆ ಮಾಡಿದ್ದು. ಕಾರ್ಖಾನೆ ನೆಲಸಮವಾಯಿತು. ಆ ಊರಿನ ಹೊಗೆ, ಮಳೆ ಎಲ್ಲ ತಿಂದ ಸಿಂಹ ಮಾತ್ರ ಗಟ್ಟಿಯಾಗಿದೆ. ಆ ಸುಟ್ಟ ಮಣ್ಣಿನ ಹೆಸರು ಕೋಡ್ ಕಲ್ಲು.

ಇದರ ಮಾತು ಬಂದರೆ ಸಾಕು, 'ಕಳೆದುಹೋದ ರಹಸ್ಯ ಸೂತ್ರ' ಅನ್ನುವ ಕಥೆ ಶುರುವಾಗುತ್ತದೆ. ನನಗೆ ಅದನ್ನು ಕೇಳಿದರೆ ಸಂಕಟವಾಗುತ್ತದೆ. ಸೂತ್ರ ಗೊತ್ತೇ ಇದೆ. ಅರ್ಧಕ್ಕಿಂತ ಹೆಚ್ಚು ಜೇಡಿಮಣ್ಣು, ಜೊತೆಗೆ ಒಮ್ಮೆ ಸುಟ್ಟು ಪುಡಿ ಮಾಡಿದ ಮಣ್ಣು, ಚಕಮಕಿ ಕಲ್ಲು, ಬೆಣಚು, ಗಾಜಿನ ಪುಡಿ. ಸುಟ್ಟ ಪುಡಿ ಸೇರಿದ್ದಕ್ಕೇ 'ಎರಡು ಸಲ ಬೆಂದ ಕಲ್ಲು' ಎಂಬರ್ಥದ ಗ್ರೀಕ್ ಹೆಸರು. ಅದರಿಂದಲೇ ಬೇಯುವಾಗ ಕುಗ್ಗುವುದೂ ಕಡಿಮೆ. ಅಚ್ಚಿಗೆ ಒತ್ತಿ, ಒಣಗಿಸಿ, ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನಾಲ್ಕು ದಿನ ಒಂದೇ ಹದದಲ್ಲಿ ಬೇಯಿಸಬೇಕು. ಕುಂಬಾರರ ಆವಿಗೆಯನ್ನು ಕಾದವರಿಗೆ ಗೊತ್ತು, ಅದೆಷ್ಟು ಕಷ್ಟದ ಕೆಲಸ ಅಂತ.

ಕಳೆದುಹೋಗಿದ್ದು ಆ ಕಲ್ಲಿನ ಉದ್ಯಮ ಕಟ್ಟಿದ ಹೆಂಗಸಿನ ಹೆಸರು. ಎಲಿನೋರ್ ಕೋಡ್ 1733ರಲ್ಲಿ ಎಕ್ಸೆಟರ್‌ನಲ್ಲಿ ಹುಟ್ಟಿದವಳು. ಲಂಡನ್ನಿನಲ್ಲಿ ಲಿನನ್ ಬಟ್ಟೆ ವ್ಯಾಪಾರ ಮಾಡುತ್ತಿದ್ದಳು. 1769ರಲ್ಲಿ ಅಪ್ಪ ತೀರಿಕೊಂಡ. ಅದೇ ವರ್ಷ ಲ್ಯಾಂಬೆತ್‌ನಲ್ಲಿ ನಷ್ಟದಲ್ಲಿದ್ದ ಕೃತಕ ಕಲ್ಲಿನ ಕಾರ್ಖಾನೆಯನ್ನು ಡೇನಿಯಲ್ ಪಿಂಕಾಟ್‌ನಿಂದ ಕೊಂಡಳು. ಕೆಲಸ ನೋಡಿಕೊಳ್ಳಲು ಅವನನ್ನೇ ಇಟ್ಟುಕೊಂಡಳು. ಅವನು ತಾನೇ ಯಜಮಾನ ಎನ್ನುವಂತೆ ನಡೆದುಕೊಂಡಾಗ, 1771ರಲ್ಲಿ, ಇವನಿಗೆ ಇದರಲ್ಲಿ ಪಾಲಿಲ್ಲ, ಒಡತಿ ನಾನು ಎಂದು ಪತ್ರಿಕೆಯಲ್ಲೇ ಪ್ರಕಟಣೆ ಕೊಟ್ಟು ಮನೆಗೆ ಕಳಿಸಿದಳು. ಆ ಜಾಗಕ್ಕೆ ಶಿಲ್ಪಿ ಜಾನ್ ಬೇಕನ್‌ನನ್ನು ತಂದಳು. 1799ರಲ್ಲಿ ಸಾಯುವತನಕ ಅವನು ಅಲ್ಲೇ ಇದ್ದ.

ವ್ಯಾಪಾರದ ಜಾಣ್ಮೆ ಅಂದರೆ ಇದು: ಒಳ್ಳೆಯ ಶಿಲ್ಪಿಯಿಂದ ಒಂದು ಮಾದರಿ ಮಾಡಿಸು, ಅಚ್ಚು ಜೋಪಾನವಾಗಿಡು, ಅದೇ ಅಚ್ಚಿನಿಂದ ಹತ್ತಾರು ಮನೆಗಳಿಗೆ ಮೂರ್ತಿ, ಕುಂಡ, ಬಾಗಿಲ ಕಮಾನಿನ ಮುಖ ಒದಗಿಸು. ದೊರೆ ಮೂರನೇ ಜಾರ್ಜ್‌ನಿಂದ ಹಿಡಿದು ಆ ಕಾಲದ ದೊಡ್ಡ ವಾಸ್ತುಶಿಲ್ಪಿಗಳೆಲ್ಲ ಅವಳ ಗಿರಾಕಿಗಳು. ಗ್ರೀನಿಚ್‌ನಲ್ಲಿರುವ, ನೌಕಾ ಸೇನಾನಿ ನೆಲ್ಸನ್ ಸ್ಮಾರಕದ ಶಿಲ್ಪಫಲಕವೂ ಅಲ್ಲಿಂದಲೇ ಬಂದದ್ದು.

ಇಷ್ಟಾದರೂ ಬಹಳ ಕಾಲ ಈ ಉದ್ಯಮ ಕಟ್ಟಿದ ಶ್ರೇಯ ಅವಳ ತಾಯಿಗೆ ಹೋಗಿತ್ತು. ತಾಯಿಯ ಹೆಸರೂ ಎಲಿನೋರ್. ಮಗಳು ಮದುವೆಯಾಗಿರಲಿಲ್ಲ, ಆದರೆ ವ್ಯಾಪಾರಸ್ಥ ಹೆಂಗಸರನ್ನು ಗೌರವಕ್ಕೆ 'ಮಿಸೆಸ್' ಅನ್ನುವ ರೂಢಿಯಿತ್ತು. ಹಾಗಾಗಿ 'ಮಿಸೆಸ್ ಕೋಡ್' ಅಂದರೆ ವಿಧವೆ ತಾಯಿಯೇ ಇರಬೇಕು ಅಂದುಕೊಂಡರು. ಮದುವೆಯಾದ ಹೆಣ್ಣಿನ ಆಸ್ತಿ ಗಂಡನ ಪಾಲಾಗುತ್ತಿದ್ದ ದೇಶ, ಕಾಲ ಅದು. ಅವಳು ಯಾಕೆ ಮದುವೆಯಾಗಲಿಲ್ಲವೋ ನಾನು ಹೇಳಲಾರೆ, ಆದರೆ ಕಾನೂನು ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು. 1821ರಲ್ಲಿ ತೀರಿಕೊಂಡಾಗ ಉಯಿಲಿನಲ್ಲಿ ಕೆಲವು ಗೆಳತಿಯರಿಗೂ ಹಣ ಬಿಟ್ಟಿದ್ದಳು. ಅವರಲ್ಲಿ ಮದುವೆಯಾದವರಿಗೆ ಒಂದು ಷರತ್ತು: ಈ ದುಡ್ಡಿನ ಮೇಲೆ ಗಂಡನಿಗೆ ಯಾವ ಅಧಿಕಾರವೂ ಇರಕೂಡದು.