ಆಲಿಕಲ್ಲು ಬಿದ್ದಿದ್ದು 10 ನಿಮಿಷ, ಅಲೆದಾಟ 2 ತಿಂಗಳು

ಇನ್ಶೂರೆನ್ಸ್ ಸರ್ವೇಯರ್ ಬಂದು ನನ್ನ ಕಾರಿನ ಡೆಂಟ್ ಎಣಿಸಿದಾಗ ಸಿಕ್ಕಿದ್ದು 38. ಗ್ಯಾರೇಜಿನಲ್ಲಿ ಎಣಿಸಿದಾಗ 91. ಕಾರು ಅದೇ, ಡೆಂಟ್‌ಗಳೂ ಅವೇ. ಬೇರೆಯಾಗಿದ್ದು ಬೆಳಕು ಮಾತ್ರ.

ಸರ್ವೇಯರ್ ಬಂದಿದ್ದು ನಡು ಮಧ್ಯಾಹ್ನ. ನೆತ್ತಿ ಮೇಲಿನ ಬಿಸಿಲಿನಲ್ಲಿ ಸಣ್ಣ ಡೆಂಟ್ ಕಣ್ಣಿಗೇ ಬೀಳುವುದಿಲ್ಲ. ಗ್ಯಾರೇಜಿನವರು ಕಾರನ್ನು ಒಳಗೆ ನಿಲ್ಲಿಸಿ, ಉದ್ದನೆಯ ಟ್ಯೂಬ್‌ಲೈಟನ್ನು ಬಾನೆಟ್ ಮೇಲೆ ಓರೆಯಾಗಿ ಹಿಡಿದರು. ನೆಟ್ಟಗೆ ಬೀಳಬೇಕಿದ್ದ ಬೆಳಕಿನ ಗೆರೆ ಹೆಜ್ಜೆಹೆಜ್ಜೆಗೂ ಸೊಟ್ಟಗಾಗುತ್ತಿತ್ತು. ಬಾನೆಟ್ ಥೇಟ್ ಅಳಗುಳಿ ಮಣೆ!

ನಾನೋ, ಸುಮ್ನೆ ಮೊದಲ ಎಸ್ಟಿಮೇಟ್‌ಗೆ ತಲೆಯಾಡಿಸಿ ಬಂದಿದ್ದೆ. ಇನ್ಶೂರೆನ್ಸ್‌ನವರು ಹೇಳಿದ ಮೇಲೆ ಮುಗೀತು ಅಂದುಕೊಂಡಿದ್ದೆ. ಹಾಗೇನಿಲ್ಲ. ಕೆಲಸ ಶುರುವಾಗುವ ಮೊದಲು ಹೆಚ್ಚುವರಿ ಎಸ್ಟಿಮೇಟ್ ಕಳಿಸಿ ಮತ್ತೆ ಸರ್ವೆ ಕೇಳಬಹುದು. ಒಳಗೆ ಬಿಚ್ಚಿ ಜೋಡಿಸುವ ಕೂಲಿಯೂ ಇದೆಯಲ್ವಾ? ರೂಫಿನ ಡೆಂಟ್ ತೆಗೆಯಲು ಒಳಗಿನ ಬಟ್ಟೆಯ ಮೇಲ್ಛಾವಣಿ ಬಿಚ್ಚಬೇಕು. ಅದರ ಅಂಚಿನಲ್ಲೇ ಕರ್ಟನ್ ಏರ್‌ಬ್ಯಾಗ್ (ಅಪಘಾತವಾದಾಗ ಕಿಟಕಿ ಪಕ್ಕ ಪರದೆಯಂತೆ ಉಬ್ಬುವ ಚೀಲ) ಇರುತ್ತದೆ, ಹುಷಾರಾಗಿ ಬಿಚ್ಚಬೇಕು. ನನ್ನ ಮೊದಲ ಎಸ್ಟಿಮೇಟ್‌ನಲ್ಲಿ ಇದರ ಸುಳಿವೇ ಇರಲಿಲ್ಲ.

ಇಷ್ಟೆಲ್ಲ ಲೆಕ್ಕ ಬರುವುದು ಕಂಪ್ರಿಹೆನ್ಸಿವ್ ಪಾಲಿಸಿ, ಅಂದರೆ ಸ್ವಂತ ಕಾರಿನ ಹಾನಿಗೂ ದುಡ್ಡು ಕೊಡುವ ಪಾಲಿಸಿ ಇದ್ದವರಿಗೆ. ಬೇರೆಯವರಿಗಾದ ನಷ್ಟಕ್ಕೆ ಮಾತ್ರ ಕೊಡುವ ಬರೀ ಥರ್ಡ್ ಪಾರ್ಟಿ ಇದ್ದರೆ ಆಲಿಕಲ್ಲಿಗೆ ಬಿಡಿಗಾಸೂ ಬರುವುದಿಲ್ಲ.

ಎರಡನೇ ಜಗಳ ಪೇಂಟ್ ಬಗ್ಗೆ. ನಾನು ಮೊದಲು ಹೋದ ಗ್ಯಾರೇಜಿನವನು ಪುಟ್ಟಿ ತುಂಬಿ ಪೂರ್ತಿ ಪೇಂಟ್ ಹೊಡೆಯೋಣ ಎಂದ. ನಾನು ಒಪ್ಪಲಿಲ್ಲ. ಪೇಂಟ್ ಬಿರುಕು ಬಿಟ್ಟಿರದಿದ್ದರೆ ಪೇಂಟ್ ಮುಟ್ಟದೆಯೇ ಡೆಂಟ್ ತೆಗೆಯಬಹುದು. ಒಳಗಿನಿಂದ ಉದ್ದನೆಯ ಸರಳು ತೂರಿಸಿ, ಲೈಟಿನ ಗೆರೆ ನೋಡುತ್ತಾ, ಚೂರು ಚೂರೇ ಮೇಲಕ್ಕೆ ಒತ್ತುತ್ತಾರೆ. ಸರಳು ಹೋಗದ ಕಡೆ ಹೊರಗಿನಿಂದ ಅಂಟು ಹಾಕಿ ಎಳೆಯುತ್ತಾರೆ. ಕಂಪನಿಯ ಪೇಂಟ್ ಹಾಗೇ ಉಳಿಯುತ್ತದೆ. ಅಲ್ಯೂಮಿನಿಯಂ ಬಾನೆಟ್ ಆದರೆ ಕಷ್ಟ ಜಾಸ್ತಿ, ಅದು ಉಕ್ಕಿನಷ್ಟು ಸುಲಭವಾಗಿ ಮೊದಲಿನ ಆಕಾರಕ್ಕೆ ಬರುವುದಿಲ್ಲ. (ಹೇರ್ ಡ್ರೈಯರ್, ಐಸ್ ಇಟ್ಟು ಡೆಂಟ್ ತೆಗೆಯುವ ವಿಡಿಯೋ ನೋಡಿ ನಾನೂ ಒಂದು ಸಂಜೆ ಹಾಳುಮಾಡಿದೆ. ಡೆಂಟ್ ಕದಲಲಿಲ್ಲ.)

ಮಳೆ ನಿಂತ ಮರುದಿನವೇ ಒಬ್ಬ ಮನೆ ಬಾಗಿಲಿಗೆ ಬಂದಿದ್ದ. "ನಿಮ್ಮ ಕೈಯಿಂದ ಕಟ್ಟಬೇಕಾದ ಪಾಲನ್ನೂ ನಾವೇ ನೋಡಿಕೊಳ್ತೀವಿ, ಇಲ್ಲೊಂದು ಸೈನ್ ಹಾಕಿ" ಎಂದ. ಹೇಗೆ ನೋಡಿಕೊಳ್ಳುತ್ತಾನೆ? ಬಿಲ್ ಉಬ್ಬಿಸಿ ತಾನೇ? ಸುಳ್ಳು ಬಿಲ್ ಅವನದಾದರೂ ಕ್ಲೇಮ್ ನನ್ನ ಹೆಸರಿನಲ್ಲಿ. ಕಾಗದ ವಾಪಸ್ ಕೊಟ್ಟು ಕಳಿಸಿದೆ.

ಗೆಳೆಯನೊಬ್ಬ ದುಡ್ಡು ತಗೊಂಡು ಡೆಂಟ್ ಹಾಗೇ ಬಿಟ್ಟುಬಿಡು ಎಂದ. ಹಳೇ ಕಾರಿಗೆ ಅದು ಸರಿಯೇ ಇರಬಹುದು. ಆದರೆ ಮುಂದೆ ಮತ್ತೆ ಆಲಿಕಲ್ಲು ಬಿದ್ದರೆ, ಆಗಲೇ ದುಡ್ಡು ಕೊಟ್ಟ ಹಳೇ ಡೆಂಟ್‌ಗಳನ್ನು ಇನ್ಶೂರೆನ್ಸ್‌ನವರು ಕಳೆದೇ ಲೆಕ್ಕ ಹಾಕುತ್ತಾರೆ. ಕಾರು ಸಾಲದ್ದಾದರೆ ಬ್ಯಾಂಕಿನವರೂ ತಕರಾರು ತೆಗೆಯಬಹುದು. ನಾನು ರಿಪೇರಿಯನ್ನೇ ಮಾಡಿಸಿದೆ. ಬಿಲ್ಲು, ಮೊದಲಿನ ಫೋಟೋ, ಆಮೇಲಿನ ಫೋಟೋ ಎಲ್ಲ ಒಂದೇ ಫೈಲಿನಲ್ಲಿವೆ.

ಎರಡನೇ ಸರ್ವೆಗೆ ಸರ್ವೇಯರನ್ನು ಗ್ಯಾರೇಜಿಗೇ ಕರೆಸಿದೆ. ಲೈಟ್ ಹಿಡಿದವರು ಗ್ಯಾರೇಜಿನವರು, ಎಣಿಸಿದವರು ಸರ್ವೇಯರೇ. 88ಕ್ಕೆ ಒಪ್ಪಿದರು. ಉಳಿದ 3 ಡೆಂಟ್ ಹಳೆಯವಂತೆ. ಇದ್ದರೂ ಇರಬಹುದು, ನಾನು ಜಗಳ ಮಾಡಲಿಲ್ಲ.